ಎಂಜಿನಿಯರ್, ಸರ್ವೇಯರ್ ಹುದ್ದೆಗಳಿಗೆ ತರಬೇತಿ: ಕುಶಾಲನಗರದ ಒಂದು ಕೇಂದ್ರದ ಬಗ್ಗೆ

ನನ್ನ ಮಗಳು ಸಿವಿಲ್ ಡಿಪ್ಲೊಮಾ ಮುಗಿಸಿ, ನಂತರ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿ ಬಿ.ಇ. ಪದವಿಯನ್ನೂ ಪಡೆದ ಮೇಲೆ, ಲೋಕಸೇವಾ ಆಯೋಗದ ಪರೀಕ್ಷೆಗಳಿಗೆಂದು ಕುಶಾಲನಗರದ ತರಬೇತಿ ಕೇಂದ್ರವೊಂದಕ್ಕೆ ಆರು ತಿಂಗಳ ಕಾಲ ಪ್ರತಿ ಶನಿವಾರ, ಭಾನುವಾರ ಹೋಗಿಬಂದಳು. ಸುಂಟಿಕೊಪ್ಪದ ಕಡೆಯಿಂದ ಅವಳನ್ನು ಕರೆದೊಯ್ದು ಕರೆತರುವ ಕೆಲಸ ನನ್ನದಾಗಿತ್ತು. ಹೊರಗೆ ಮಳೆ ಸುರಿಯುವಾಗ ಕಾರಿನಲ್ಲಿ ಕುಳಿತು ಕಾಯುವ ಬದಲು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಅವರು ಅವಕಾಶ ಕೊಟ್ಟಿದ್ದರು. ಸರ್ಕಾರಿ ಎಂಜಿನಿಯರಿಂಗ್ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಗುಮಾಸ್ತನಾಗಿದ್ದು, ಸೇವಾ ಪುಸ್ತಕ, ಜ್ಯೇಷ್ಠತಾ ಪಟ್ಟಿ, ಬಡ್ತಿಯ ಕಡತಗಳ ನಡುವೆಯೇ ತಲೆ ನರೆತವನು ನಾನು. ಈ ಕೇಂದ್ರದಲ್ಲಿ ವಿಷಯವನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಯಾವ ಹುದ್ದೆ ಯಾವ ದರ್ಜೆಯದು, ಅಲ್ಲಿಂದ ಮುಂದಿನ ದಾರಿ ಎಲ್ಲಿಗೆ ಎಂಬುದನ್ನು ಹೇಳುವಲ್ಲಿ ತೀರ ಅಜಾಗರೂಕರಾಗಿದ್ದಾರೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಸರ್ವೆ ಕಲಿಸುವ ಉಪನ್ಯಾಸಕರು ಒಂದು ಭಾನುವಾರ ಇಡೀ ತಂಡವನ್ನು ಹತ್ತಿರದ ಕಾಫಿ ತೋಟವೊಂದರ ಇಳಿಜಾರಿಗೆ ಕರೆದೊಯ್ದು, ಟೇಪನ್ನು ನೆಲದ ಮೇಲೆ ಮಲಗಿಸಿ ಒಮ್ಮೆ, ಮಟ್ಟವಾಗಿ ಎಳೆದು ಹಿಡಿದು ತೂಗುಗುಂಡು ಬಿಡುತ್ತ ಮೆಟ್ಟಿಲು ಮೆಟ್ಟಿಲಾಗಿ ಇನ್ನೊಮ್ಮೆ ಅಳೆಸಿದರು. ಎರಡು ಅಳತೆಗಳು ಹೊಂದಲಿಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 100 ಅಡಿ ನಕ್ಷೆಯಲ್ಲಿ 86.6 ಅಡಿ ಮಾತ್ರ ಆಗುತ್ತದೆ. ಅದೇ ಲೆಕ್ಕದಲ್ಲಿ, ಒಂದೇ ಸಮನಾದ ಅಂಥ ಇಳಿಜಾರಿನ ಒಂದು ಎಕರೆ ಮೈ ದಾಖಲೆಗೆ ಬರುವಾಗ 86.6 ಸೆಂಟ್ (ಎಕರೆಯ ನೂರನೆಯ ಒಂದು ಭಾಗ ಒಂದು ಸೆಂಟ್) ಆಗುತ್ತದೆ. ಸರ್ವೇಯರ್ ನಮ್ಮ ಜಾಗವನ್ನು ಕಡಿಮೆ ತೋರಿಸಿದ ಎಂದು ಕೊಡಗಿನಲ್ಲಿ ಕೇಳಿಬರುವ ಜಗಳಗಳಲ್ಲಿ ಕೆಲವಕ್ಕಾದರೂ ಕಾರಣ ಇದೇ ಇರಬೇಕು ಎಂದು ನನಗೆ ಅಂದು ಹೊಳೆಯಿತು. ಅವರ ಕೈಪಿಡಿಯಲ್ಲಿ ಮಾತ್ರ 33 ಅಡಿಯ ಸರಪಳಿ, ಅದರ 16 ಆಣೆ, ಗುಂಟೆಯ ಲೆಕ್ಕ ಎಂದು ಬಯಲುಸೀಮೆಯ ಪಾಠವೇ ಇತ್ತು. ಎಕರೆ, ಸೆಂಟ್‌ಗಳಲ್ಲಿ ಮಾತನಾಡುವ ನಮ್ಮ ಮಕ್ಕಳಿಗೆ ಒಂದು ಗುಂಟೆಯೆಂದರೆ ಎರಡೂವರೆ ಸೆಂಟ್, ಅಂದರೆ 1,089 ಚದರ ಅಡಿ, ಎಂದು ಉಪನ್ಯಾಸಕರೇ ಹಲಗೆಯ ಮೇಲೆ ಬರೆದು ಸರಿಪಡಿಸಬೇಕಾಯಿತು.

ತೊಂದರೆ ಶುರುವಾಗುವುದು ಹುದ್ದೆಗಳ ಪರಿಚಯದಲ್ಲಿ. ಸೇರುವ ದಿನ ಕೊಡುವ ಹಾಳೆಯಲ್ಲಿ ಕಿರಿಯ ಎಂಜಿನಿಯರ್, ಸಹಾಯಕ ಎಂಜಿನಿಯರ್, ಭೂಮಾಪಕ, ಆರ್ಕಿಟೆಕ್ಟ್ ಎಂದು ನಾಲ್ಕು ಹೆಸರುಗಳನ್ನು ಒಂದೇ ಸಾಲಿನಲ್ಲಿ ಮುದ್ರಿಸಿ, ಕೆಳಗೆ ಆಕರ್ಷಕ ವೇತನ ಎಂದು ಬರೆದುಬಿಟ್ಟಿದ್ದಾರೆ. ಇವು ಮೂರು ಬೇರೆ ಬೇರೆ ಏಣಿಗಳ ಬೇರೆ ಬೇರೆ ಮೆಟ್ಟಿಲುಗಳು. ಕಿರಿಯ ಎಂಜಿನಿಯರ್ ಹುದ್ದೆ ಡಿಪ್ಲೊಮಾ ಮಾಡಿದವರಿಗಾಗಿ ಇರುವ ಗ್ರೂಪ್ ‘ಸಿ’ ಹುದ್ದೆ. 2018ರ ಪರಿಷ್ಕರಣೆಯಲ್ಲಿ ಅದರ ವೇತನ ಶ್ರೇಣಿ 33,450ರಿಂದ 62,600 ರೂಪಾಯಿ. ಪದವಿ ಬೇಕಾದ ಸಹಾಯಕ ಎಂಜಿನಿಯರ್ ಹುದ್ದೆ ಗ್ರೂಪ್ ‘ಬಿ’ಗೆ ಸೇರಿದ್ದು, ಶ್ರೇಣಿ 43,100ರಿಂದ 83,900, ಅದರ ಮೇಲಿನ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಗ್ರೂಪ್ ‘ಎ’, ಶ್ರೇಣಿ 52,650ರಿಂದ 97,100. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯದ ಕನಿಷ್ಠ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿರುವಾಗ, ಇವರ ಹಾಳೆಯಲ್ಲಿ ಹಳೆಯ ಅಂಕಿಗಳೇ ಉಳಿದುಕೊಂಡಿವೆ.

ವೇತನದ ಅಂತರಕ್ಕಿಂತ ದೊಡ್ಡದು ಬಡ್ತಿಯ ಅಂತರ. ಶಾಖೆ, ಉಪವಿಭಾಗ, ವಿಭಾಗ, ವೃತ್ತ, ವಲಯ ಎಂಬ ಕ್ರಮದಲ್ಲಿ ಲೋಕೋಪಯೋಗಿ ಇಲಾಖೆ ಕಟ್ಟಿಕೊಂಡಿದೆ. ಶಾಖೆಯ ಎಂಜಿನಿಯರ್ ಸ್ಥಳದಲ್ಲಿ ಅಳತೆ ತೆಗೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾನೆ. ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅದನ್ನು ತಾಳೆ ನೋಡುತ್ತಾರೆ. ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್ ಬಿಲ್ ಪಾಸು ಮಾಡುತ್ತಾರೆ. ಅಧೀಕ್ಷಕ ಎಂಜಿನಿಯರ್, ಮುಖ್ಯ ಎಂಜಿನಿಯರ್ ಇವರಿಗೂ ಮೇಲೆ. ಪದವಿಯಿದ್ದೂ ಕೆಳಗಿನ ಮೆಟ್ಟಿಲಿನಿಂದ ಹೊರಟವರು ಮೊದಲ ಬಡ್ತಿಗಾಗಿ ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತ ನಮ್ಮ ಸಿಬ್ಬಂದಿ ಶಾಖೆಯ ಬಾಗಿಲಿಗೆ ವರ್ಷಗಟ್ಟಲೆ ಬಂದುದನ್ನು ಕಂಡಿದ್ದೇನೆ. ಆ ಕೇಂದ್ರದ ಗೋಡೆಯ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರ ದೊಡ್ಡ ಚಿತ್ರವಿದೆ. ಅವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದ್ದು ಸಹಾಯಕ ಎಂಜಿನಿಯರ್ ಆಗಿ, ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ ಎಂಬಷ್ಟನ್ನು ಆ ಚಿತ್ರದ ಕೆಳಗೆ ಬರೆದಿದ್ದರೂ ಮೆಟ್ಟಿಲುಗಳ ಪಾಠ ಅರ್ಧ ಮುಗಿಯುತ್ತಿತ್ತು.

ಭೂಮಾಪಕರ ಏಣಿ ಬೇರೆಯೇ. ಅದು ಲೋಕೋಪಯೋಗಿ ಇಲಾಖೆಯದಲ್ಲ, ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆಯದು. ಮೇಲೆ ತಾಲ್ಲೂಕಿನಲ್ಲಿ ಭೂದಾಖಲೆಗಳ ಸಹಾಯಕ ನಿರ್ದೇಶಕರು, ಜಿಲ್ಲೆಯಲ್ಲಿ ಉಪನಿರ್ದೇಶಕರು. ಕೇಂದ್ರದ ಒಬ್ಬ ಸಿಬ್ಬಂದಿ, ಮೊದಲು ಪರವಾನಗಿ ಭೂಮಾಪಕರಾಗಿ ಸೇರಿಕೊಂಡರೆ ಅದೇ ಮುಂದೆ ಸರ್ಕಾರಿ ಕೆಲಸವಾಗುತ್ತದೆ ಎಂದು ಹುಡುಗರಿಗೆ ಹೇಳಿದ್ದನ್ನು ನಾನೇ ಕೇಳಿದೆ. ಇದು ದಾರಿ ತಪ್ಪಿಸುವ ಮಾತು. ಪರವಾನಗಿ ಭೂಮಾಪಕನಿಗೆ ವೇತನ ಶ್ರೇಣಿಯಿಲ್ಲ, ಸೇವಾ ಪುಸ್ತಕವಿಲ್ಲ. 11ಇ ನಕ್ಷೆಯನ್ನೋ (ಜಮೀನಿನ ಒಂದು ಭಾಗವನ್ನು ಮಾರುವ ಮುನ್ನ ಬೇಕಾಗುವ ನಕ್ಷೆ) ಪೋಡಿಯನ್ನೋ (ಸರ್ವೆ ನಂಬರನ್ನು ಭಾಗ ಮಾಡುವುದು) ಮಾಡಿಕೊಟ್ಟ ಪ್ರಕರಣಕ್ಕೆ ಇಷ್ಟು ಎಂದು ಸಿಗುವ ಶುಲ್ಕವೇ ಅವನ ಸಂಪಾದನೆ. ಕೆಲಸ ಗೌರವದ್ದೇ, ಜಮ್ಮಾ, ಬಾಣೆ ಎಂಬ ಇಲ್ಲಿನ ಹಳೆಯ ಹಿಡುವಳಿ ಜಾಗಗಳ ತೊಡಕು ಬಿಡಿಸಬಲ್ಲ ಅನುಭವಿಗೆ ಕೊಡಗಿನಲ್ಲಿ ಬಿಡುವೇ ಇರುವುದಿಲ್ಲ. ಆದರೆ ಅದು ಸರ್ಕಾರಿ ಹುದ್ದೆಯಲ್ಲ.

ಆರ್ಕಿಟೆಕ್ಟ್ ಹುದ್ದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗದವರು ಆ ಹೆಸರನ್ನು ಹಾಕಿಕೊಳ್ಳುವಂತೆಯೇ ಇಲ್ಲ, ಐದು ವರ್ಷದ ಬಿ.ಆರ್ಕ್. ಇಲ್ಲದೆ ಅಲ್ಲಿಗೆ ದಾರಿಯೂ ಇಲ್ಲ. ಸಿವಿಲ್ ಓದಿದವರ ತಂಡಕ್ಕೆ ಆ ಹೆಸರನ್ನು ಮುದ್ರಿಸಿ ಹಂಚಿದ್ದು ಬರೀ ಜಾಹೀರಾತು.

ಉಳಿದಂತೆ ಅಣಕು ಪರೀಕ್ಷೆಗಳು ಶಿಸ್ತಾಗಿ ನಡೆಯುತ್ತವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಆಯೋಗದ ಪದ್ಧತಿಯನ್ನೇ ಇವರೂ ಅನುಸರಿಸುತ್ತಾರೆ. 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಕನಿಷ್ಠ 50 ಬರದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ ಎಂದು ಪದೇ ಪದೇ ಎಚ್ಚರಿಸುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ನಮ್ಮ ಊರಿನ ಮಕ್ಕಳಿಗೆ ಇದು ಬೇಕಾದ ಎಚ್ಚರಿಕೆ. ಜುಲೈ ತಿಂಗಳ ಆನ್‌ಲೈನ್ ತರಗತಿಗಳನ್ನು ಮಾತ್ರ ಯಾರೂ ನೆಚ್ಚಿಕೊಳ್ಳಬಾರದು. ಮಳೆಗೆ ಕರೆಂಟ್ ಹೋದರೆ ಮಡಿಕೇರಿಯ ಆಚೆಗಿನವರಿಗೆ ಎರಡು ದಿನ ಪಾಠವಿಲ್ಲ, ಧ್ವನಿಮುದ್ರಿಕೆ ಕೇಳಿದರೆ ಸಿಗುವುದಿಲ್ಲ.

ಕೊನೆಯ ವಾರ ನಾನು ಒಂದು ಪುಟದಲ್ಲಿ ಮೂರು ಏಣಿಗಳನ್ನೂ ಬರೆದು, ಯಾವುದಕ್ಕೆ ಯಾವ ವಿದ್ಯಾರ್ಹತೆ, ಯಾವ ಗ್ರೂಪ್ ಎಂದು ಗುರುತು ಹಾಕಿ ಕೊಟ್ಟುಬಂದೆ. ಅದನ್ನು ಈಗ ಪ್ರಕಟಣಾ ಫಲಕಕ್ಕೆ ಅಂಟಿಸಿದ್ದಾರಂತೆ. ಹೊಸ ತಂಡಕ್ಕೆ ಹಂಚಿದ ಹಾಳೆ ಮಾತ್ರ ಅದೇ ಹಳೆಯದು ಎಂದು ಮಗಳ ಗೆಳತಿ ಹೇಳಿದಳು.