ಮ್ಯಾಡಿಸನ್‌ನಲ್ಲಿ ಬಾಡಿಗೆಗಿದ್ದು: ಮೂರು ಮನೆ, ಎಂಟು ಚಳಿಗಾಲ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ ನಾವು ಬಂದಿಳಿದದ್ದು 2017ರ ಆಗಸ್ಟ್‌ನಲ್ಲಿ. ಯಜಮಾನರಿಗೆ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ. ನನಗೆ ಕೆಲಸದ ಪರವಾನಗಿ ಕೈಗೆ ಬರುವವರೆಗೆ ಮನೆ ಹುಡುಕುವುದೇ ಕೆಲಸ. ಅಂದಿನಿಂದ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇವೆ, ಎಂಟು ಚಳಿಗಾಲ ದಾಟಿದ್ದೇವೆ. ಈ ಊರಿಗೆ ಹೊರಟ ಕನ್ನಡದವರು ಫೋನ್ ಮಾಡಿದರೆ ಮೊದಲು ಕೇಳುವ ಪ್ರಶ್ನೆ ಎರಡೇ: ಬಾಡಿಗೆ ಎಷ್ಟು, ಕಿಟಕಿಯಿಂದ ಕೆರೆ ಕಾಣುತ್ತದಾ. ಅವೆರಡನ್ನೂ ಕೊನೆಗೆ ಕೇಳಿ ಎನ್ನುತ್ತೇನೆ. ಮೊದಲು ಕೇಳಬೇಕಾದದ್ದು ಇವು: ಹೀಟಿಂಗ್ ಖರ್ಚು ಯಾರದ್ದು, ಕಿಟಕಿಗಳು ಯಾವ ಕಾಲದವು, ಹಿಮ ಬಿದ್ದ ರಾತ್ರಿ ಕಾರು ಎಲ್ಲಿ ನಿಲ್ಲಿಸಬೇಕು, ಬೇಸ್‌ಮೆಂಟಿಗೆ ನೀರು ನುಗ್ಗಿದ್ದುಂಟಾ. ಮನೆ ಸುಖವಾಗಿದೆಯೋ ಇಲ್ಲವೋ ಎಂದು ತೀರ್ಮಾನವಾದದ್ದು ಪ್ರತಿ ಸಲವೂ ಇವುಗಳಿಂದಲೇ.

ಊರಿನ ಚಿತ್ರ ಹೀಗಿದೆ. ವಾಯುವ್ಯಕ್ಕೆ ಮೆಂಡೋಟಾ, ಆಗ್ನೇಯಕ್ಕೆ ಮೊನೋನಾ, ಎರಡು ದೊಡ್ಡ ಕೆರೆಗಳು. ನಡುವೆ ಸುಮಾರು ಒಂದು ಮೈಲಿ ಅಗಲದ ನೆಲದ ಪಟ್ಟಿ. ಅದರ ನಡುಮಧ್ಯದಲ್ಲಿ 1917ರಲ್ಲಿ ಕಟ್ಟಿ ಮುಗಿಸಿದ ಬಿಳಿ ಗುಮ್ಮಟದ ವಿಧಾನಸೌಧ. ಈ ಪಟ್ಟಿಯನ್ನು ಎಲ್ಲರೂ ಇಸ್ತ್‌ಮಸ್ ಎನ್ನುತ್ತಾರೆ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 2,69,840. ಮೈಸೂರಿನಿಂದ ಬಂದ ನನಗೆ ಅಳತೆ ಹಿಡಿಸಿತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದ ಕಾಲಿಗೆ ಇಲ್ಲಿಯೂ ನೀರಿನ ದಂಡೆ ಸಿಕ್ಕಿತು.

ಒಂದು ಪದದ ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಕಡೆ ಲೀಸ್ ಅಂದರೆ ಭೋಗ್ಯ: ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವುದು. ಇಲ್ಲಿ ಲೀಸ್ ಅಂದರೆ ಬರೀ ಬಾಡಿಗೆ ಕರಾರು, ಸಾಮಾನ್ಯವಾಗಿ ಹನ್ನೆರಡು ತಿಂಗಳದ್ದು. ಮಧ್ಯದಲ್ಲಿ ಬಿಟ್ಟು ಹೋಗುವುದಾದರೆ ಉಳಿದ ತಿಂಗಳುಗಳ ಭಾರ ನಿಮ್ಮ ತಲೆಯ ಮೇಲೆ ಇರುತ್ತದೆ, ಬೇರೆ ಬಾಡಿಗೆದಾರರು ಸಿಗುವ ತನಕ. ಅಡ್ವಾನ್ಸ್ ಮಾತ್ರ ಬೆಂಗಳೂರಿನಂತೆ ಹತ್ತು ತಿಂಗಳದ್ದಲ್ಲ. ಮೂರೂ ಮನೆಗೆ ನಾವು ಕೊಟ್ಟದ್ದು ಒಂದೊಂದು ತಿಂಗಳ ಬಾಡಿಗೆಯಷ್ಟೇ.

ಆ ಒಂದು ತಿಂಗಳ ಅಡ್ವಾನ್ಸ್ ವಾಪಸ್ ಪಡೆಯುವುದರಲ್ಲೇ ಮೊದಲ ಪಾಠವಾಯಿತು. ಮೊದಲ ಮನೆ ಕ್ಯಾಂಪಸ್ ಹತ್ತಿರ, ವಿದ್ಯಾರ್ಥಿಗಳೇ ತುಂಬಿದ ಕಟ್ಟಡ, ಒಂದು ಬೆಡ್‌ರೂಮಿಗೆ 1,050 ಡಾಲರ್. ಒಂದು ವರ್ಷ ಇದ್ದು ಬಿಟ್ಟೆವು. ಚೆಕ್ ಬಂದಾಗ ನೋಡಿದರೆ 360 ಡಾಲರ್ ಕಡಿತ: ಕಾರ್ಪೆಟ್ ತೊಳೆದದ್ದಕ್ಕೆ 180, ಗೋಡೆಗೆ ಬಣ್ಣ ಬಳಿದದ್ದಕ್ಕೆ 120, ಒವನ್ ಶುಚಿ ಮಾಡಿದ್ದಕ್ಕೆ 60. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನಲ್ಲಿ ಅಭ್ಯಾಸವಾಗಿ ಹೋದದ್ದರಿಂದ ಸುಮ್ಮನಿದ್ದುಬಿಡೋಣ ಎಂದೇ ಇದ್ದೆವು. ಲ್ಯಾಬಿನ ಸಹೋದ್ಯೋಗಿಯೊಬ್ಬರು ಬಿಡಲಿಲ್ಲ. ಟೆನೆಂಟ್ ರಿಸೋರ್ಸ್ ಸೆಂಟರ್ ಎಂಬ ಬಾಡಿಗೆದಾರರ ಸಹಾಯ ಸಂಸ್ಥೆಗೆ ಕಳಿಸಿದರು.

ಅಲ್ಲಿ ತಿಳಿದದ್ದನ್ನು ಪ್ರತಿಯೊಬ್ಬ ಹೊಸಬರಿಗೂ ಹೇಳುತ್ತೇನೆ. ವಿಸ್ಕಾನ್ಸಿನ್‌ನಲ್ಲಿ ಎಟಿಸಿಪಿ 134 ಎಂಬ ನಿಯಮಾವಳಿ ಇದೆ. ಮನೆ ಬಿಟ್ಟ 21 ದಿನದೊಳಗೆ ಓನರ್ ಅಡ್ವಾನ್ಸ್ ಹಿಂದಿರುಗಿಸಬೇಕು, ಕಡಿತ ಮಾಡಿದರೆ ಯಾವುದಕ್ಕೆ ಎಷ್ಟು ಎಂದು ಬರೆದುಕೊಡಬೇಕು. ಬಾಳಿ ಬದುಕಿದ್ದರಿಂದ ಸಹಜವಾಗಿ ಆದ ಸವೆತಕ್ಕೆ ಹಣ ಹಿಡಿಯುವಂತಿಲ್ಲ. ಅಸಾಮಾನ್ಯ ಹಾನಿ ಇಲ್ಲದಿದ್ದರೆ ಮಾಮೂಲಿ ಬಣ್ಣಕ್ಕೂ ಕಾರ್ಪೆಟ್ ತೊಳೆಯುವುದಕ್ಕೂ ಅಡ್ವಾನ್ಸ್ ಮುಟ್ಟುವಂತಿಲ್ಲ. ನಿಯಮ ಮೀರಿ ಹಿಡಿದುಕೊಂಡರೆ ಬಾಡಿಗೆದಾರ ಕೋರ್ಟಿನಲ್ಲಿ ನಷ್ಟದ ಎರಡರಷ್ಟು, ಜೊತೆಗೆ ವಕೀಲರ ಖರ್ಚನ್ನೂ ಕೇಳಬಹುದು. ಇಷ್ಟನ್ನು ಒಂದು ಪುಟದ ಪತ್ರದಲ್ಲಿ, ಏರುದನಿ ಇಲ್ಲದೆ ಬರೆದು ಕಳಿಸಿದೆವು. ಮೂರು ವಾರದಲ್ಲಿ 300 ಡಾಲರ್ ಚೆಕ್ ಬಂತು. ಒವನ್ ನಾವು ಸರಿಯಾಗಿ ತೊಳೆದಿರಲಿಲ್ಲ, ಆ 60 ನ್ಯಾಯವಾದದ್ದೇ. ಆಮೇಲಿನ ಎರಡೂ ಮನೆಗಳಲ್ಲಿ ಹೊಕ್ಕ ದಿನವೇ ಚೆಕ್-ಇನ್ ಶೀಟ್ ಹಿಡಿದು ಕೋಣೆ ಕೋಣೆ ಫೋಟೊ ತೆಗೆದಿದ್ದೇವೆ. ಮನೆಯಲ್ಲಿ ಮೊದಲೇ ಇರುವ ದೋಷಗಳನ್ನು ಆ ಹಾಳೆಯಲ್ಲಿ ಬರೆದು ಕೊಡಲು ಏಳು ದಿನ ಸಮಯವಿದೆ. ಅಡುಗೆಕಟ್ಟೆಯ ಮೇಲಿನ ಹಳೆಯ ಕಲೆಗಳನ್ನು ತಪ್ಪದೆ ಬರೆಯಿರಿ, ಇಲ್ಲದಿದ್ದರೆ ಎಲ್ಲವೂ ನಮ್ಮ ಅರಿಶಿನದ ಲೆಕ್ಕಕ್ಕೆ ಬೀಳುತ್ತವೆ.

ಡೌನ್‌ಟೌನ್ ಕರಾರುಗಳ ಇನ್ನೊಂದು ವಿಚಿತ್ರವೆಂದರೆ, ಬಹುಪಾಲು ಆಗಸ್ಟ್ 14ರ ಮಧ್ಯಾಹ್ನ ಮುಗಿಯುತ್ತವೆ, ಹೊಸವು ಆಗಸ್ಟ್ 15ಕ್ಕೆ ಶುರುವಾಗುತ್ತವೆ. ನಡುವಿನ ಒಂದು ರಾತ್ರಿ ಸಾವಿರಾರು ಜನಕ್ಕೆ ಮನೆಯೇ ಇರುವುದಿಲ್ಲ. ರಸ್ತೆ ಬದಿಯಲ್ಲಿ ಸೋಫಾ, ಮೇಜು, ಪುಸ್ತಕದ ಕಪಾಟು ರಾಶಿ ಬಿದ್ದಿರುತ್ತವೆ; ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಹಿಪ್ಪಿ ಕ್ರಿಸ್‌ಮಸ್ ಎಂದು ಅದಕ್ಕೆ ಹೆಸರು. ನಮ್ಮ ಊಟದ ಮೇಜು ಅಲ್ಲಿಯದೇ, ಇಂದಿಗೂ ಗಟ್ಟಿಯಾಗಿದೆ. 2018ರ ಆ ರಾತ್ರಿ ಬಾಡಿಗೆ ವ್ಯಾನಿನಲ್ಲಿ ಸಾಮಾನು ಬಿಟ್ಟು, ಇಡ್ಲಿ ಸ್ಟ್ಯಾಂಡು, ದೇವರ ಪೆಟ್ಟಿಗೆ ಮಾತ್ರ ಹಿಡಿದು ಸ್ನೇಹಿತರ ಮನೆಯ ಹಾಲ್‌ನಲ್ಲಿ ಮಲಗಿದೆವು. ಆಗ ನಾನು ಎರಡು ತಿಂಗಳ ಗರ್ಭಿಣಿ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಬೇರೆ ತಾರೀಕಿನ ಕರಾರು ಸಿಗುವ ಕಡೆ ನೋಡುವುದು ಒಳ್ಳೆಯದು.

ಎರಡನೆಯ ಮನೆ ಪೂರ್ವ ಭಾಗದಲ್ಲಿ, ವಿಲಿಯಮ್ಸನ್ ಸ್ಟ್ರೀಟ್ ಹತ್ತಿರದ ಹಳೆಯ ಮರದ ಮನೆಯ ಮೇಲಂತಸ್ತು. ಮೊನೋನಾ ಕೆರೆ ಎರಡು ಬೀದಿ ಆಚೆ. ಎಲೆ ಉದುರಿದ ಮೇಲೆ ಅಡುಗೆಮನೆ ಕಿಟಕಿಯಿಂದ ನೀರು ಮಿನುಗುತ್ತಿತ್ತು. ಹೊಕ್ಕ ಐದನೆಯ ದಿನ, ಆಗಸ್ಟ್ 20ರಂದು, ಊರಿನ ಪಶ್ಚಿಮಕ್ಕೆ ಆಕಾಶವೇ ಕಳಚಿ ಬಿದ್ದಂತೆ ಮಳೆ ಸುರಿಯಿತು. ನಮ್ಮ ಬೀದಿಯಲ್ಲಿ ಅಂದು ಏನೂ ಆಗಲಿಲ್ಲ. ಆದರೆ ಆ ನೀರೆಲ್ಲ ಮೆಂಡೋಟಾಗೆ ಇಳಿದು, ಅಲ್ಲಿಂದ ಯಹಾರಾ ನದಿ ಹಾದು ಮೊನೋನಾಗೆ ಬರಬೇಕು. ಮಳೆ ನಿಂತ ಮೇಲೂ ದಿನದಿನಕ್ಕೆ ಕೆರೆ ಏರುತ್ತಾ ದಾಖಲೆಯ ಮಟ್ಟ ಮುಟ್ಟಿತು. ಇಸ್ತ್‌ಮಸ್‌ನ ರಸ್ತೆಗಳಲ್ಲಿ ಚರಂಡಿಯೊಳಗಿಂದ ನೀರು ಉಕ್ಕಿತು. ಬೇಸ್‌ಮೆಂಟಿನಲ್ಲಿಟ್ಟಿದ್ದ ನಮ್ಮ ಆರು ಪೆಟ್ಟಿಗೆ ನೆನೆದವು. ಅದರಲ್ಲಿ ಮದುವೆಯ ಆಲ್ಬಂ ಇತ್ತು. ಬಾಡಿಗೆದಾರರ ವಿಮೆ ಇದ್ದರೂ ಅದರಲ್ಲಿ ಪ್ರವಾಹ ಸೇರಿರಲಿಲ್ಲ. ಮಾಮೂಲಿ ಪಾಲಿಸಿಗಳು ಹಾಗೆಯೇ. ಕೆರೆ ಹತ್ತಿರದ ಮನೆಯಲ್ಲಿ ಬೆಲೆಬಾಳುವ ಏನನ್ನೂ ಬೇಸ್‌ಮೆಂಟಿನ ನೆಲದ ಮೇಲೆ ಇಡಬೇಡಿ.

ಚಳಿಗಾಲದ ಮಾತಿಗೆ ಬರುತ್ತೇನೆ. 2019ರ ಜನವರಿ 30ರ ಬೆಳಿಗ್ಗೆ ಉಷ್ಣಾಂಶ ಮೈನಸ್ 25 ಫ್ಯಾರನ್‌ಹೀಟ್‌ಗಿಂತ ಕೆಳಗಿತ್ತು. ಸೆಲ್ಸಿಯಸ್‌ನಲ್ಲಿ ಮೈನಸ್ 32ರ ಸುಮಾರು. ಅಂಚೆ ಬರಲಿಲ್ಲ, ತರಗತಿಗಳು ನಡೆಯಲಿಲ್ಲ. ನನಗೆ ಏಳು ತಿಂಗಳು. ಗೋಡೆಯೊಳಗೆ ಮರ ಬಿರಿದು ಠಣ್ ಎನ್ನುವ ಸದ್ದಿಗೆ ರಾತ್ರಿಯೆಲ್ಲ ಎಚ್ಚರ. ಆದರೂ ಮನೆ ಬೆಚ್ಚಗಿತ್ತು. ಹಳೆಯ ಕಬ್ಬಿಣದ ರೇಡಿಯೇಟರ್‌ಗಳೊಳಗೆ ಬಿಸಿನೀರು ಹರಿಯುತ್ತಿತ್ತು, ಅದರ ಖರ್ಚು ಬಾಡಿಗೆಯೊಳಗೇ ಸೇರಿತ್ತು. ತಿಂಗಳಿಗೆ 1,180 ಡಾಲರ್ ಬಾಡಿಗೆ ಜಾಸ್ತಿಯಾಯಿತು ಎಂದು ಮೊದಲು ಗೊಣಗಿದ್ದೆವು. ಬೇರೆಯವರ ಜನವರಿ ಗ್ಯಾಸ್ ಬಿಲ್ ನೋಡಿದ ಮೇಲೆ ಗೊಣಗಲಿಲ್ಲ. ಕಿಟಕಿಗಳು ಮಾತ್ರ ಹಳೆಯವು, ಸಂದಿಯಿಂದ ಗಾಳಿ ಚುಚ್ಚುತ್ತಿತ್ತು. ಕೆಳಮನೆಯ ಹಿರಿಯ ಹೆಂಗಸು ಪ್ಲಾಸ್ಟಿಕ್ ಹಾಳೆಯ ಕಿಟ್ ತಂದು, ಕಿಟಕಿ ಚೌಕಟ್ಟಿಗೆ ಅಂಟಿಸಿ, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಬಿಗಿ ಮಾಡುವುದನ್ನು ಕಲಿಸಿಕೊಟ್ಟರು. ಅಂದಿನಿಂದ ಪ್ರತಿ ಅಕ್ಟೋಬರ್‌ನಲ್ಲಿ ಅದು ನಮ್ಮ ಮನೆಯ ಕೆಲಸ. ಹೀಟಿಂಗ್‌ಗೆ 67 ಡಿಗ್ರಿ ಫ್ಯಾರನ್‌ಹೀಟ್ ಕಾಯ್ದುಕೊಳ್ಳುವ ಶಕ್ತಿ ಇಲ್ಲದಿದ್ದರೆ ಓನರ್ ಅದನ್ನು ಕರಾರಿಗೆ ಮೊದಲೇ ತಿಳಿಸಬೇಕು ಎಂಬುದೂ ಅದೇ ಎಟಿಸಿಪಿ 134ರಲ್ಲಿದೆ.

ಕಾರಿನ ವಿಷಯ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ರಾತ್ರಿ ಒಂದರಿಂದ ಬೆಳಿಗ್ಗೆ ಏಳರ ತನಕ, ಸಮ ತಾರೀಕಿನಲ್ಲಿ ಸಮ ಸಂಖ್ಯೆಯ ಮನೆಗಳ ಬದಿಗೆ, ಬೆಸ ತಾರೀಕಿನಲ್ಲಿ ಬೆಸ ಬದಿಗೆ ನಿಲ್ಲಿಸಬೇಕು. ಹಿಮ ಗುಡಿಸುವ ಲಾರಿಗೆ ದಾರಿ ಬಿಡಲು. ಇಸ್ತ್‌ಮಸ್‌ನ ಹಿಮ ವಲಯದಲ್ಲಿ ತುರ್ತು ಘೋಷಣೆಯಾದ ರಾತ್ರಿ ಮಾತ್ರ ಇದು ಜಾರಿ. ಮಗುವಿಗೆ ಜ್ವರ ಬಂದಿದ್ದ ಒಂದು ರಾತ್ರಿ ಘೋಷಣೆ ನೋಡದೆ ದಂಡ ಕಟ್ಟಿದ್ದೇವೆ. ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಬಿದ್ದು ನಿಂತ ಮರುದಿನ ಮಧ್ಯಾಹ್ನದೊಳಗೆ ತೆಗೆಯಬೇಕು ಎಂಬುದು ನಗರದ ನಿಯಮ. ಸಲಿಕೆ ಯಾರ ಕೈಯಲ್ಲಿ ಎಂದು ಕರಾರಿನಲ್ಲಿ ಓದಿಕೊಳ್ಳಿ. ನಮ್ಮ ಎರಡನೆಯ ಓನರ್ ಎಪ್ಪತ್ತು ದಾಟಿದವರು, ಆರೂವರೆಗೆಲ್ಲ ತಾವೇ ಬಂದು ಎಳೆಯುತ್ತಿದ್ದರು. ಅಂಥವರು ಸಿಕ್ಕಿದ್ದು ನಮ್ಮ ಪುಣ್ಯ.

ಹಳೆಯ ಮನೆಯಲ್ಲಿ ಕೂಸು ಬೆಳೆಸುವಾಗ ನನ್ನ ದೊಡ್ಡ ಹೆದರಿಕೆ ಸೀಸ. 1978ಕ್ಕಿಂತ ಹಿಂದಿನ ಮನೆಗಳಲ್ಲಿ ಸೀಸದ ಬಣ್ಣ ಇರಬಹುದು. ತಮಗೆ ಗೊತ್ತಿರುವುದನ್ನು ಓನರ್ ಬರೆದು ತಿಳಿಸಬೇಕೆಂದು ದೇಶದ ಕಾನೂನೇ ಇದೆ. ಕಿಟಕಿ ಹಲಗೆಯನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ನೀರಿನ ಕೊಳವೆಯ ಬಗ್ಗೆ ಮಾತ್ರ ಈ ಊರಿಗೆ ಕೈ ಮುಗಿಯಬೇಕು. 2001ರಲ್ಲಿ ಶುರು ಮಾಡಿ ಸುಮಾರು ಹತ್ತು ವರ್ಷದಲ್ಲಿ ಮನೆಮನೆಗೆ ಹೋಗುವ ಸೀಸದ ಕೊಳವೆಗಳನ್ನೆಲ್ಲ ಕಿತ್ತು ತಾಮ್ರದ್ದು ಹಾಕಿಸಿದರು. ಅಮೆರಿಕದ ದೊಡ್ಡ ಊರುಗಳಲ್ಲಿ ಮೊದಲು ಮಾಡಿದ್ದು ಇವರೇ.

ಇಷ್ಟು ನೀರು ಸುತ್ತಲಿದ್ದರೂ ನಲ್ಲಿಯಲ್ಲಿ ಬರುವುದು ಕೆರೆಯದ್ದಲ್ಲ, ಆಳದ ಕೊಳವೆಬಾವಿಗಳದ್ದು. ಬಲು ಗಡಸು. ಬಾಣಂತನಕ್ಕೆ ಬಂದ ಅಮ್ಮ ಮೊದಲ ದಿನವೇ, "ಬೇಳೆ ಬೇಯ್ತಾನೇ ಇಲ್ವಲ್ಲೇ, ಎಂಥ ನೀರೇ ಇದು" ಎಂದು ಕುಕ್ಕರ್ ಮತ್ತೆ ಏರಿಸಿದರು. ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿಟ್ಟರೆ ಸರಿಹೋಗುತ್ತದೆ. ಒಗ್ಗರಣೆಯದ್ದು ಬೇರೆ ಸಂಕಟ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುತ್ತದೋ, ಅಡುಗೆಮನೆಯೊಳಗೇ ತಿರುಗಿಸುತ್ತದೋ ಎಂದು ಮನೆ ನೋಡುವಾಗಲೇ ಕೇಳಿ. ನಮ್ಮದು ಎರಡನೆಯ ಬಗೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸ್ಮೋಕ್ ಅಲಾರಂ ಕೂಗುತ್ತಿತ್ತು, ಮಲಗಿದ ಕೂಸು ಏಳುತ್ತಿತ್ತು.

ಕೆರೆಯ ವಿಷಯ ಮನಸ್ಸಿಗೆ ಹತ್ತಿರದ್ದು. ಮೆಂಡೋಟಾ ಹೆಪ್ಪುಗಟ್ಟಿದ, ಕರಗಿದ ದಿನಗಳನ್ನು ಇಲ್ಲಿಯವರು 1850ರ ದಶಕದಿಂದ ಬರೆದಿಟ್ಟಿದ್ದಾರೆ. ಮಂಜುಗಡ್ಡೆ ಇರುವ ಕಾಲ ಬರಬರುತ್ತಾ ಕುಗ್ಗುತ್ತಿದೆ ಎಂದು ಆ ದಾಖಲೆಯೇ ಹೇಳುತ್ತದೆ. ಮಗಳು ನೀರಿನ ಮೇಲೆ ಮೊದಲ ಸಲ ನಡೆದದ್ದು ಮೊನೋನಾದ ಮಂಜುಗಡ್ಡೆಯ ಮೇಲೆ, ಅಪ್ಪನ ಬೆರಳು ಹಿಡಿದು. ಬೇಸಿಗೆಯಲ್ಲಿ ಅದೇ ಕೆರೆ ಹಸಿರು ಪಾಚಿಯಿಂದ ನಾರುತ್ತದೆ. ಸುತ್ತಲಿನ ಹೈನು ಹೊಲಗಳ ಗೊಬ್ಬರದ ರಂಜಕ ಮಳೆಯಲ್ಲಿ ತೊಳೆದು ಬರುತ್ತದೆ, ಪಾಚಿ ಉಬ್ಬುತ್ತದೆ, ಈಜುವ ದಂಡೆಗಳನ್ನು ಆಗಾಗ ಮುಚ್ಚುತ್ತಾರೆ. 2009ರಲ್ಲಿ ಮೆಂಡೋಟಾದಲ್ಲಿ ಕಂಡುಬಂದ ಮುಳ್ಳುಬಾಲದ ಪರದೇಶಿ ನೀರುಚಿಗಟ ಎಂಬ ಪುಟ್ಟ ಜೀವಿಯು ಪಾಚಿ ತಿನ್ನುವ ಸಣ್ಣ ಜೀವಿಗಳನ್ನೇ ತಿಂದುಹಾಕಿದ್ದರಿಂದ ನೀರು ಇನ್ನಷ್ಟು ಮಬ್ಬಾಯಿತು. ಬೀದಿಯಲ್ಲಿ ಉದುರಿದ ಎಲೆ ನೆನೆದರೂ ರಂಜಕ ಬಸಿದು ಚರಂಡಿಯಿಂದ ನೇರ ಕೆರೆಗೆ ಸೇರುತ್ತದೆ. ಹಾಗಾಗಿ ಮಳೆಗೆ ಮುಂಚೆ ರಸ್ತೆಯಂಚಿನ ಎಲೆ ಗುಡಿಸಿ ಎಂದು ನಗರಸಭೆ ಕೇಳಿಕೊಳ್ಳುತ್ತದೆ. ಬಾಡಿಗೆದಾರರಾದರೂ ನಾವು ತಪ್ಪಿಸಿಲ್ಲ.

ಮೂರನೆಯ ಮನೆಗೆ, ಪಶ್ಚಿಮ ಭಾಗದ ಹೊಸ ಕಟ್ಟಡಕ್ಕೆ, 2022ರಲ್ಲಿ ಬಂದೆವು. ಎರಡು ಬೆಡ್‌ರೂಮು, ಆಗ 1,595, ಈಗ 1,840 ಡಾಲರ್, ಹೀಟಿಂಗ್ ಬೇರೆ. ಲಿಫ್ಟು, ಬೇಸ್‌ಮೆಂಟಿನಲ್ಲಿ ಕಾರಿಗೆ ಜಾಗ, ಒಳಗೇ ವಾಷಿಂಗ್ ಮಷೀನು, ಗಾಳಿ ನುಸುಳದ ಕಿಟಕಿ. ಇಂಡಿಯನ್ ಅಂಗಡಿಗಳು ಹತ್ತಿರ. 2024ರ ಸೆಪ್ಟೆಂಬರ್‌ನಲ್ಲಿ ರ‍್ಯಾಪಿಡ್ ಎ ಎಂಬ ವೇಗದ ಬಸ್ಸು ಶುರುವಾದ ಮೇಲೆ ಯಜಮಾನರು ಕ್ಯಾಂಪಸ್‌ಗೆ ಕಾರು ಒಯ್ಯುವುದನ್ನೇ ಬಿಟ್ಟಿದ್ದಾರೆ. ಊರಿಗೆ ರೈಲು ಮಾತ್ರ ಇಲ್ಲ. ರಾಜಧಾನಿಗೆ ಪ್ರಯಾಣಿಕರ ರೈಲಿಲ್ಲ ಎಂಬುದು ನನಗೆ ಇಂದಿಗೂ ನುಂಗಲಾಗದ ಕೊರತೆ. ಭಾರತಕ್ಕೆ ಹೋಗುವ ವಿಮಾನ ಹಿಡಿಯಲು ಶಿಕಾಗೋದ ಓಹೇರ್‌ಗೆ ಮೂರು ಗಂಟೆ ಬಸ್ಸಿನಲ್ಲೇ ಕೂರಬೇಕು.

ಎಲ್ಲ ಅನುಕೂಲವಿದ್ದೂ ಈ ಮನೆಯಲ್ಲಿ ಏನೋ ಕಡಿಮೆಯಾಗಿದೆ. ಹತ್ತು ಬಾಗಿಲಿನ ಕಾರಿಡಾರಿನಲ್ಲಿ ಯಾರ ಹೆಸರೂ ಗೊತ್ತಿಲ್ಲ. ಶನಿವಾರ ವಿಧಾನಸೌಧದ ಸುತ್ತ ನಡೆಯುವ ರೈತರ ಸಂತೆಗೆ ಮೊದಲು ನಡೆದೇ ಹೋಗುತ್ತಿದ್ದೆವು. 1972ರಿಂದ ಇರುವ ಸಂತೆ ಅದು, ಬೆಳೆದವರೇ ಮಾರಬೇಕು, ಜನವೆಲ್ಲ ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ಲಾವೋಸ್ ಕಡೆಯಿಂದ ಬಂದು ನೆಲೆಸಿದ ಹ್ಮಾಂಗ್ ಸಮುದಾಯದ ರೈತರ ಬಳಿ ಹಾಗಲಕಾಯಿ, ಬೇರುಸಹಿತ ಕೊತ್ತಂಬರಿ ಸಿಗುತ್ತಿತ್ತು. ಈಗ ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಕಳೆದ ನವೆಂಬರ್‌ನಲ್ಲಿ ಕರಾರು ಮುಂದುವರಿಸುತ್ತೀರಾ ಎಂದು ಪತ್ರ ಬಂದಾಗ ಇಲ್ಲವೆಂದೆವು. ಈ ಸಲ ಮನೆ ನೋಡಲು ಹೋದದ್ದು ಜನವರಿಯಲ್ಲಿ, ಹಿಮ ಬಿದ್ದ ಮರುದಿನ. ಪೂರ್ವ ಭಾಗದ್ದೇ ಹಳೆಯ ಮನೆ. ಮಗಳು ಮೆಟ್ಟಿಲು ಹತ್ತಿ ನೇರ ರೇಡಿಯೇಟರ್ ಮುಟ್ಟಿ ನೋಡಿದಳು. ನಾನು ಕಿಟಕಿ ಸಂದಿಗೆ ಅಂಗೈ ಹಿಡಿದೆ, ಯಜಮಾನರು ಬೇಸ್‌ಮೆಂಟಿಗೆ ಇಳಿದು ಗೋಡೆಯ ಬುಡದಲ್ಲಿ ನೀರಿನ ಗೆರೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿದರು. ಗೆರೆಯೇನೋ ಇತ್ತು, ಹಳೆಯದು. ಯಾವ ವರ್ಷದ್ದೆಂದು ಓನರ್ ತಾವಾಗಿಯೇ ಹೇಳಿದರು. ಆಗಸ್ಟ್ 15ಕ್ಕೆ ಬೀಗದಕೈ ಸಿಗುತ್ತದೆ. ಆಲ್ಬಂ ಈ ಸಲ ಮೇಲಂತಸ್ತಿನ ಬೀರುವಿನಲ್ಲೇ ಇರುತ್ತದೆ.