ಒಮಾಹಾ ಹುಡುಗರ ನೀಲಿ ಆಲ್ಬಂ ಈಗ್ಲೂ ಕೇಳಬಹುದಾ?

ರಾಕ್, ರಾಪ್, ಜಮೈಕಾದ ರೆಗ್ಗೇ ಮೂರನ್ನೂ ಒಂದೇ ಹಾಡಿಗೆ ತುರುಕಿದ್ರೆ ಹತ್ರಲ್ಲಿ ಒಂಬತ್ತು ಸಲ ಕಲಸುಮೇಲೋಗರ ಆಗುತ್ತೆ. 311 ಬ್ಯಾಂಡ್‌ನವ್ರ 1995ರ ಆಲ್ಬಂ ಆ ಉಳಿದ ಒಂದು. ಆಲ್ಬಂ ಹೆಸರೂ 311, ಕವರ್ ನೀಲಿ ಇರೋದ್ರಿಂದ ಫ್ಯಾನ್ಸ್ ಬ್ಲೂ ಆಲ್ಬಂ ಅಂತಾನೇ ಕರೀತಾರೆ.

ಇವ್ರು ಬಂದಿದ್ದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಿಂದ. ದನದ ಮಾಂಸ, ಇನ್ಶೂರೆನ್ಸ್, ವಾರೆನ್ ಬಫೆಟ್ ಅಂದ್ರೆ ನೆನಪಾಗೋ ಊರು ಅದು, ರೆಗ್ಗೇಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ! ಹೆಸರೂ ಅಲ್ಲಿಂದಾನೇ, ಬೆತ್ತಲೆ ಓಡಾಡೋರ ಮೇಲೆ ಒಮಾಹಾ ಪೊಲೀಸ್ರು ಹಾಕ್ತಿದ್ದ ಕೇಸಿನ ಕೋಡ್ ನಂಬರ್ 311. ನನಗನ್ಸೋದು, ದೊಡ್ಡ ಮ್ಯೂಸಿಕ್ ಸೀನ್ ಅಂತ ಒಂದು ಇಲ್ಲದ ಊರಲ್ಲಿ ಬೆಳೆದಿದ್ದೇ ಇವ್ರಿಗೆ ಪ್ಲಸ್ ಆಯ್ತು, ಇದು ನಮ್ ಸ್ಟೈಲ್ ಅಲ್ಲ ಅಂತ ಕಿವಿ ಹಿಂಡೋರು ಯಾರೂ ಇರ್ಲಿಲ್ವಲ್ಲ.

ಹಾಗಂತ ರಾತ್ರೋರಾತ್ರಿ ಏನೂ ಆಗ್ಲಿಲ್ಲ. 1990ರಲ್ಲಿ ಫುಗಾಜಿ ಅನ್ನೋ ಪಂಕ್ ಬ್ಯಾಂಡ್‌ನ ಶೋಗೆ ಮುಂಚೆ ಓಪನಿಂಗ್ ಆಡಿದ್ರು, 1992ರಲ್ಲಿ ಗಂಟುಮೂಟೆ ಕಟ್ಕೊಂಡು ಲಾಸ್ ಏಂಜಲೀಸ್‌ಗೆ ಹೋದ್ರು, ಸದರ್ನ್ ರಾಕ್‌ಗೆ (ಅಮೆರಿಕದ ದಕ್ಷಿಣದ ಕಡೆಯ ರಾಕ್) ಹೆಸರಾಗಿದ್ದ ಕ್ಯಾಪ್ರಿಕಾರ್ನ್ ರೆಕಾರ್ಡ್ ಲೇಬಲ್ ಸಿಕ್ತು (ಅದೂ ಒಂದು ವಿಚಿತ್ರ ಜೋಡಿನೇ), ಮಧ್ಯೆ ಟೂರ್ ಮಾಡ್ತಿದ್ದ ಗಾಡಿಗೆ ಬೆಂಕಿ ಬಿದ್ದು ಇನ್ಸ್ಟ್ರುಮೆಂಟ್ಸ್ ಎಲ್ಲಾ ಸುಟ್ಟೋಯ್ತು. ಎರಡು ಆಲ್ಬಂ ಆದ್ಮೇಲೆ ಇದು ಮೂರನೇದು, ಇದೂ ರಿಲೀಸ್ ಆದ ತಕ್ಷಣ ಓಡ್ಲಿಲ್ಲ, ಮೊದಲನೇ ಟ್ರ್ಯಾಕ್ ‘ಡೌನ್’ ಬಿಲ್‌ಬೋರ್ಡ್ ಮಾಡರ್ನ್ ರಾಕ್ ಚಾರ್ಟಲ್ಲಿ ನಂಬರ್ ಒನ್ ಆಗೋಷ್ಟರಲ್ಲಿ 1996 ಬಂದಿತ್ತು. ಆಮೇಲೆ ಅಮೆರಿಕದಲ್ಲೇ ಮೂರು ಸಲ ಪ್ಲಾಟಿನಂ, ಅಂದ್ರೆ ಮೂವತ್ತು ಲಕ್ಷ ಕಾಪಿ.

ಈಗ ಸೌಂಡ್ ವಿಷ್ಯ. ಎಲ್ರೂ ನಿಕ್ ಹೆಕ್ಸಮ್ ಹಾಡೋದು, ಎಸ್ ಎ ಮಾರ್ಟಿನೆಜ್ ರಾಪ್ ಮಾಡೋದು ಇದರ ಬಗ್ಗೆನೇ ಮಾತಾಡ್ತಾರೆ, ಆದ್ರೆ ಆಲ್ಬಂ ನಿಂತಿರೋದು ಡ್ರಮ್ಮರ್ ಚಾಡ್ ಸೆಕ್ಸ್‌ಟನ್ ಮತ್ತೆ ಬೇಸ್ ನುಡಿಸೋ ಪೀ-ನಟ್ ಮೇಲೆ. ಸೆಕ್ಸ್‌ಟನ್ ಸ್ನೇರ್ (ಚುರುಕಾಗಿ ಸದ್ದು ಮಾಡೋ ಚಿಕ್ಕ ಡ್ರಮ್) ಎಷ್ಟು ಟೈಟಾಗಿ, ಮೇಲಿನ ಪಿಚ್‌ಗೆ ಟ್ಯೂನ್ ಮಾಡಿರ್ತಾನೆ ಅಂದ್ರೆ ಆ ‘ಟಕ್’ ಕೇಳಿದ್ರೇ ಯಾವ ಬ್ಯಾಂಡ್ ಅಂತ ಗೊತ್ತಾಗುತ್ತೆ, ಗಿಟಾರ್ ಮೆಟಲ್ ಥರ ಗುಡುಗಿ ಹಠಾತ್ತಾಗಿ ರೆಗ್ಗೇಗೆ ಇಳಿದಾಗ್ಲೂ ನಮ್ ತಲೆ ಅಲ್ಲಾಡೋದು ತಪ್ಪಲ್ಲ. ‘ಆಲ್ ಮಿಕ್ಸ್ಡ್ ಅಪ್’ ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಬೇಸ್ ಮಾತ್ರ ಫಾಲೋ ಮಾಡಿ, ಮಜಾ ಬರುತ್ತೆ.

ಮೈನಸ್ಸೂ ಇದೆ. ಲಿರಿಕ್ಸ್ ತೀರಾ ಸಾಧಾರಣ, ಪಾಸಿಟಿವ್ ಆಗಿರಿ, ನಾವೇ ಬೆಸ್ಟ್, ಇಷ್ಟೇ ಸುತ್ತಾಡುತ್ತೆ. ರಾಪ್ ಕೆಲವು ಕಡೆ ತೊಂಬತ್ತರ ದಶಕದ ಧೂಳು ಹೊಡೀತಿದೆ. ದ್ವಿತೀಯಾರ್ಧದಲ್ಲಿ ಎರಡ್ಮೂರು ಹಾಡು ಒಂದಕ್ಕೊಂದು ಜೆರಾಕ್ಸ್ ಅನ್ಸುತ್ತೆ, ಅವು ಇಲ್ದಿದ್ರೂ ಏನೂ ನಷ್ಟ ಇರ್ಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ರಾಪ್ ರಾಕ್ ಅಂದ್ರೆ ಬರೀ ಸಿಟ್ಟು, ಕಿರುಚಾಟ ಅಂದ್ಕೊಂಡಿರೋರು ಇದರಿಂದ ಶುರು ಮಾಡಿ, ಸಾಹಿತ್ಯಕ್ಕೋಸ್ಕರ ಹಾಡು ಕೇಳೋರು ಬೇರೆ ಏನಾದ್ರೂ ನೋಡ್ಕೊಳ್ಳಿ.