ಹಿನ್ನೀರಿನ ದಂಡೆಯ ಹೋಂಸ್ಟೇ: ಅಜ್ಜನ ಮನೆಯ ಅಳತೆಯಲ್ಲಿ

ಸಾಗರ ತಾಲ್ಲೂಕಿನ ತುಮರಿ ಕಡೆಯ ಈ ಹೋಂಸ್ಟೇಗೆ ಡಿಸೆಂಬರ್ ರಜೆಯಲ್ಲಿ ಹೋಗಿದ್ದೆವು. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು. ಎರಡು ರಾತ್ರಿ ಇದ್ದೆವು. ಬೇರೆಯವರು ಹೋಂಸ್ಟೇಯಲ್ಲಿ ಏನು ನೋಡುತ್ತಾರೋ, ನಾನಂತೂ ಎಲ್ಲವನ್ನೂ ಅಜ್ಜನ ಮನೆ ಜೊತೆ ಇಟ್ಟೇ ನೋಡಿದೆ. ಅಜ್ಜನ ಮನೆಯೂ ಇದೇ ಶರಾವತಿ ಹಿನ್ನೀರಿನ ದಂಡೆಯಲ್ಲಿ, ಇಲ್ಲಿಂದ ನಾಲ್ಕೇ ಕಿಲೋಮೀಟರ್ ದೂರದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ತೋಟ, ಗದ್ದೆ ಕಳೆದುಕೊಂಡು ಗುಡ್ಡದ ಮೇಲೆ ಹೊಸ ಮನೆ ಕಟ್ಟಿಕೊಂಡವರು ಅವರು. ಅಜ್ಜ ಕೊನೆಯವರೆಗೂ ಆ ನೀರಿಗೆ ಹೊಳೆ ಅನ್ನಲಿಲ್ಲ, ‘ಮುಳುಗಡೆ’ ಅಂತಲೇ ಅನ್ನುತ್ತಿದ್ದರು. ಮೊಮ್ಮಕ್ಕಳಿಗೆ ಮಾತ್ರ ಬೇಸಿಗೆ ರಜೆ ಅಂದರೆ ಆ ನೀರೇ.

ಆಗ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು. ಬಸ್ಸು, ಜೀಪು, ಸಿಗಂದೂರಿಗೆ ಹೊರಟವರು, ಸಾಗರದ ಸಂತೆ ಮುಗಿಸಿ ಬಂದವರು, ಎಲ್ಲರೂ ಒಂದೇ ಲಾಂಚ್‌ನಲ್ಲಿ. ಈಗ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆ, 2025ರ ಜುಲೈನಲ್ಲಿ ತೆರೆಯಿತು. ಸುಮಾರು 2.4 ಕಿ.ಮೀ. ಉದ್ದ. ಕಾರಿನಲ್ಲಿ ದಾಟಿದ್ದೇ ಗೊತ್ತಾಗಲಿಲ್ಲ. ಲಾಂಚ್ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಯಿತು, ನಿಜ. ಆದರೆ ಕೊನೆಯ ಲಾಂಚ್ ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಅಜ್ಜಿ ಪಡುತ್ತಿದ್ದ ದಿಗಿಲು ನೋಡಿದ್ದೇನೆ. ಸೇತುವೆ ಬೇಕೇ ಬೇಕಿತ್ತು.

ಊಟಕ್ಕೆ ಪೂರ್ತಿ ಅಂಕ. ಬೆಳಿಗ್ಗೆ ತೆಳ್ಳೇವು, ಅಂದರೆ ತೆಳು ದೋಸೆ, ಅದಕ್ಕೆ ಜೋನಿಬೆಲ್ಲ (ನೀರುಬೆಲ್ಲ), ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ತೆಳ್ಳೇವು ಹಂಚಿನಿಂದ ನೇರ ಎಲೆಗೆ ಬರುತ್ತಿತ್ತು, ಅಂಚು ಕಾಗದದ ಹಾಗೆ ಗರಿಗರಿ. ಅಡುಗೆ ಮಾಡುವ ಅಮ್ಮ ನಾನು ತಿನ್ನುವುದನ್ನು ನೋಡಿ, “ತಂಗೀ, ನೀನು ಈ ಕಡೆಯವಳೇ ಅಲ್ವಾ?” ಅಂದರು. ಅಜ್ಜನ ಹೆಸರು ಹೇಳಿದೆ. ಇನ್ನೆರಡು ತೆಳ್ಳೇವು ಬಂತು. ಬಚ್ಚಲಿನಲ್ಲಿ ಗೀಸರ್ ಇಲ್ಲ, ಒಲೆ ಮೇಲೆ ತಾಮ್ರದ ಹಂಡೆ. ಹೊಗೆ ವಾಸನೆಯ ಆ ಬಿಸಿನೀರಿಗಾಗಿಯೇ ಮತ್ತೊಮ್ಮೆ ಹೋಗಬಹುದು. ಒಬ್ಬರಿಗೆ ದಿನಕ್ಕೆ ಊಟ ಸೇರಿ 1,800 ರೂಪಾಯಿ, ಮಕ್ಕಳಿಗೆ ಅರ್ಧ. ಜಾಸ್ತಿ ಅನಿಸಲಿಲ್ಲ.

ಒಂದು ವಿಷಯ ಮಾತ್ರ ಸರಿ ಇಲ್ಲ. ದೋಣಿಯಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿಲ್ಲ. ದೊಡ್ಡವರದ್ದನ್ನು ಹಾಕಿದರೆ ಮಗನ ತಲೆಯೇ ಒಳಗೆ ಹೋಗುತ್ತಿತ್ತು. ನಾವು ದೋಣಿ ಹತ್ತಲಿಲ್ಲ. ಈ ನೀರಿನ ಕೆಳಗೆ ಹಳೆಯ ಮರಗಳ ಬೊಡ್ಡೆಗಳಿವೆ, ಇಳಿಜಾರು ಇದ್ದಕ್ಕಿದ್ದಂತೆ ಆಳವಾಗುತ್ತದೆ. ಟ್ಯೂಬ್ ಇಲ್ಲದೆ ಅಜ್ಜ ನಮ್ಮನ್ನು ಮೊಣಕಾಲಿಗಿಂತ ಮುಂದೆ ಬಿಟ್ಟವರೇ ಅಲ್ಲ. ಹೋಂಸ್ಟೇ ನಡೆಸುವವರಿಗೆ ಇದನ್ನು ಹೇಳಿ ಬಂದಿದ್ದೇನೆ, ತರಿಸುತ್ತೇವೆ ಅಂದಿದ್ದಾರೆ. ಮಕ್ಕಳ ಜೊತೆ ಹೋಗುವವರು ಮೊದಲೇ ಫೋನ್ ಮಾಡಿ ಕೇಳಿ.

ಟಿವಿ ಇಲ್ಲ, ನೆಟ್‌ವರ್ಕ್ ಅಂಗಳದ ಮೂಲೆಯಲ್ಲಿ ಮಾತ್ರ. ಮೊದಲ ದಿನ ಮಕ್ಕಳು ಸುಮ್ನೆ ಅತ್ತಿತ್ತ ಓಡಾಡಿದರು. ಸಂಜೆ ನನಗೆ ಅಜ್ಜನ ಕೋಲು ನೆನಪಾಯಿತು. ಕತ್ತಲಾಗುವ ಮೊದಲು ಅಜ್ಜ ನೀರಿನ ಅಂಚಿಗೆ ಸರಿಯಾಗಿ ಒಂದು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ನೆಡುತ್ತಿದ್ದರು. ಬೆಳಿಗ್ಗೆ ಎದ್ದ ತಕ್ಷಣ ನಾವು ಓಡಿಹೋಗಿ, ದಬ್ಬೆಯಿಂದ ನೀರಿಗೆ ಎಷ್ಟು ದೂರ ಅಂತ ಗೇಣು ಹಾಕಿ ಅಳೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬೇಗ ಇಳಿಯುತ್ತಿತ್ತು, ರಜೆ ಮುಗಿಯುವ ಹೊತ್ತಿಗೆ ದಂಡೆ ತುಂಬಾ ನಮ್ಮ ದಬ್ಬೆಗಳೇ ಸಾಲಾಗಿ ನಿಂತಿರುತ್ತಿದ್ದವು.

ಅಂಗಳದಲ್ಲಿ ಬಿದ್ದಿದ್ದ ದಬ್ಬೆಯೊಂದನ್ನು ಕೇಳಿ ತಂದು ಮಗಳ ಕೈಗೆ ಕೊಟ್ಟೆ. ಒದ್ದೆ ಕೆಂಪು ಮಣ್ಣಿನಲ್ಲಿ ಎರಡೂ ಕೈಯಿಂದ ಒತ್ತಿ ನೆಟ್ಟಳು. ಮರುದಿನ ಆರೂವರೆಗೆ, ಚಳಿಯಲ್ಲಿ, ಸ್ವೆಟರ್ ಕೂಡ ಹಾಕದೆ ಇಬ್ಬರೂ ದಂಡೆಗೆ ಓಡಿದರು. ನಾಲ್ಕು ಬೆರಳು ಇಳಿದಿತ್ತು. ಅವಳ ಬೆರಳಿನಲ್ಲಿ ನಾಲ್ಕು, ತಮ್ಮನ ಬೆರಳಿನಲ್ಲಿ ಐದು. ಅದಕ್ಕೇ ತಿಂಡಿಯವರೆಗೂ ಜಗಳ.